ಸಂಕಮ್ಮನ ಹಾಡು

ಪ್ರೇಮದಲ್ಲಿ ವಂಚನೆ ಎಂದೊಡನೆ ಕನ್ನಡ ಕಾವ್ಯಾಭಿಮಾನಿಗಳಾದ ನಮಗೆ ಜನ್ನನ ನೆನಪಾಗುವುದು ಸಹಜ. 1209ರಲ್ಲಿ ರಚಿತವಾದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿಯು ಇರುಳಿನಲ್ಲಿ ಕೇಳಿಬಂದ ಮಾವುತನ ಗಾನಕ್ಕೆ ಮನಸೋತು ಪತಿಯನ್ನು ವಂಚಿಸುತ್ತಾಳೆ. ಹಿಂಸೆಯ ಫಲವನ್ನು ತೋರುವುದೇ ಕವಿಯ ಮುಖ್ಯೋದ್ದೇಶವಾದರೂ, ನಮ್ಮ ಮನಸ್ಸಿನಲ್ಲಿ ನಿಲ್ಲುವುದು ವಂಚಕಿಯಾದ ಹೆಂಡತಿ ಮತ್ತು ಎದೆಯೊಡೆದ ಗಂಡ. ಇದೇ ವಿಷಯವನ್ನು ನಮ್ಮ ಹಳ್ಳಿಯ ಹಾಡುಗಾರರು ಹೇಗೆ ಕಂಡರೆಂಬುದನ್ನು ಈಗ ವಿಚಾರಿಸೋಣ.

ಕೈಲಾಂಚವನ್ನೊಳಗೊಂಡ ರಾಮನಗರ, ಕನಕಪುರಗಳ ಸೀಮೆಯಲ್ಲಿ ಮಲೆಯ ಮಾದೇಶ್ವರನಿಗೆ ನಡೆದುಕೊಳ್ಳುವ ಮನೆಗಳು ಬಹಳ. ಶಿವರಾತ್ರಿಯ ಸಮಯಕ್ಕೆ ಈ ಕಡೆಯ ಭಕ್ತರು ಕಾವೇರಿಯನ್ನು ದಾಟಿ, ಕಾಡುದಾರಿಯಲ್ಲಿ ಕಾಲ್ನಡೆಯಿಂದ ಬೆಟ್ಟವನ್ನು ಸೇರುವರು. ಆ ದೇವರ ಕಥೆಯನ್ನು ಕಂಸಾಳೆಯ ತಾಳಕ್ಕೆ ಹಾಡುವವರು ದೇವರಗುಡ್ಡರು. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಈ ಮಹಾಕಾವ್ಯದ ಒಂದು ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾನಿಲಯವು 1997ರಲ್ಲಿ ಪ್ರಕಟಿಸಿತು. ಅದರಲ್ಲಿ ಬಹು ಪ್ರಸಿದ್ಧವಾದುದು ‘ಸಂಕಮ್ಮನ ಸಾಲು’.

ಕಥೆ ಸರಳವಾದುದು. ಸೋಲಿಗರ ನೀಲೇಗೌಡ, ಸಂಕಮ್ಮ ಮಕ್ಕಳಿಲ್ಲದ ದಂಪತಿಗಳು. ಜೇನಿಗೆಂದು ದೂರದ ಮಲೆಗೆ ಹೊರಟ ಗಂಡನು, ತಾನು ಬರುವವರೆಗೆ ಶೀಲವನ್ನು ಕಾಯುವುದಾಗಿ ಬಲಗೈ ಭಾಷೆ ಕೊಡೆಂದು ಹೆಂಡತಿಯನ್ನು ಕೇಳುತ್ತಾನೆ. ಅವಳು ಒಪ್ಪುವುದಿಲ್ಲ. ಅವನು ಆಕೆಯನ್ನು ಹಿಂಸಿಸಿ, ಗುಡಿಸಲಿನಲ್ಲಿ ಕೂಡಿಹಾಕಿ ಹೊರಟುಹೋಗುತ್ತಾನೆ. ಅವಳ ಮೊರೆಯನ್ನು ಕೇಳಿ ಬಂದ ಮಾದೇಶ್ವರನು ಸೆರೆಬಿಡಿಸಿ, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳ ಫಲವನ್ನು ಕರುಣಿಸುತ್ತಾನೆ. ಮರಳಿ ಬಂದ ಗಂಡನು ಮತ್ತೆ ಶಂಕಿಸುತ್ತಾನೆ, ಕಠಿಣ ಪರೀಕ್ಷೆಗಳನ್ನು ಒಡ್ಡುತ್ತಾನೆ, ಸಂಕಮ್ಮ ಗೆಲ್ಲುತ್ತಾಳೆ.

ಇಲ್ಲಿ ಪರಪುರುಷನಿಲ್ಲ, ಪರಸ್ತ್ರೀಯೂ ಇಲ್ಲ. ಆದರೂ ಇದು ವಂಚನೆಯ ಹಾಡೇ ಎಂದು ನಾವು ಭಾವಿಸುತ್ತೇವೆ. ಕೈಹಿಡಿದವಳನ್ನು ನಂಬದಿರುವುದೇ ಇಲ್ಲಿ ದ್ರೋಹ. ಕೇಳಿದ ಭಾಷೆಯನ್ನು ಕೊಟ್ಟಿದ್ದರೆ ಸಂಕಮ್ಮನಿಗೆ ಈ ಕಷ್ಟಗಳೊಂದೂ ಇರಲಿಲ್ಲ. ಆದರೆ ಹಾಗೆ ಕೊಡುವುದೆಂದರೆ, ತನ್ನ ಮೇಲಣ ಸಂದೇಹಕ್ಕೆ ತಾನೇ ರುಜು ಹಾಕಿದಂತೆ. ಅವಳ ಭ್ರಮೆ ಹರಿದುದು ಗುಡಿಸಲಿನ ಬಾಗಿಲು ಮುಚ್ಚಿದಾಗಲ್ಲ, ಗಂಡನು ಕೈಯೊಡ್ಡಿ ಭಾಷೆ ಬೇಡಿದ ಗಳಿಗೆಯಲ್ಲಿ.

ಇನ್ನೊಂದು ಮಾತು ಗಮನಾರ್ಹವಾದುದು. ಈ ಹಾಡಿನ ದೇವರು ಭಾಷೆ ಕೇಳಿದ ಗಂಡನ ಪಕ್ಷವನ್ನು ಹಿಡಿಯುವುದಿಲ್ಲ. ಭಾಷೆ ಕೊಡಲೊಲ್ಲದ ಹೆಂಡತಿಯ ಗುಡಿಸಲಿಗೆ ಬರುತ್ತಾನೆ. ಇದನ್ನು ಕಟ್ಟಿ ಉಳಿಸಿದವರೂ, ರಾತ್ರಿಯೆಲ್ಲ ಕುಳಿತು ಕೇಳಿದವರೂ ರಾಜಸಭೆಯವರಲ್ಲ, ಬೇಸಾಯಗಾರರು, ಕೂಲಿಯವರು, ಕಾಡಿನ ಜನ. ಒಲವಿಗೆ ಸಾಕ್ಷಿ ಕೇಳಬಾರದೆಂಬ ವಿವೇಕವು ಅವರಲ್ಲಿತ್ತು. ನಾಗರಿಕರೆನಿಸಿಕೊಂಡ ನಮ್ಮ ಮನೆಗಳಲ್ಲಿ ಅದು ಎಷ್ಟರಮಟ್ಟಿಗೆ ಇದೆಯೆಂಬುದನ್ನು ನಾವೇ ಕೇಳಿಕೊಳ್ಳಬೇಕು.