ಬೆಂಗಳೂರಿನ ಫುಟ್‌ಬಾಲ್ ಮತ್ತು ಆಶ್ಲಿ ವೆಸ್ಟ್‌ವುಡ್

ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದ ಕಾಲದಿಂದಲೂ ಈ ನಗರ ಆಟಗಾರರಿಗೆ ಹೆಸರಾಗಿತ್ತು. ಆದರೆ ಎಚ್‌ಎಎಲ್, ಐಟಿಐನಂತಹ ಕಾರ್ಖಾನೆಗಳ ತಂಡಗಳಲ್ಲಿ ಆಟವು ನೌಕರಿಗೆ ಅಂಟಿಕೊಂಡೇ ಬೆಳೆದುದರಿಂದ, ತಂಡದ ಸೋಲು ಗೆಲುವುಗಳ ಹೊಣೆ ಹೊರುವ ಪೂರ್ಣಾವಧಿ ವೃತ್ತಿಪರ ತರಬೇತುದಾರನ ಸ್ಥಾನ ಇಲ್ಲಿ ಗಟ್ಟಿಯಾಗಿ ನೆಲೆಗೊಂಡದ್ದು ತಡವಾಗಿ, 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ.

ಅದರ ಮೊದಲ ತರಬೇತುದಾರ ಆಶ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನವರು. ಕ್ರೂ ಅಲೆಕ್ಸಾಂಡ್ರಾ, ಬ್ರಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆಡ್ನೆಸ್‌ಡೇ ತಂಡಗಳಲ್ಲಿ ಡಿಫೆಂಡರ್, ಅಂದರೆ ಎದುರಾಳಿಯ ದಾಳಿ ತಡೆಯುವ ಆಟಗಾರ, ಆಗಿದ್ದ ಅವರು ಬ್ಲ್ಯಾಕ್‌ಬರ್ನ್ ರೋವರ್ಸ್‌ನಲ್ಲಿ ಸಹಾಯಕರಾಗಿ ದುಡಿದು ಇಲ್ಲಿಗೆ ಬಂದರು. ತಂಡಗಳು ತವರಿನಲ್ಲೂ ಹೊರಗೂ ಪರಸ್ಪರ ಆಡಿ ಅಂಕ ಕಲೆಹಾಕುವ ಐ-ಲೀಗ್ ಟೂರ್ನಿಯನ್ನು ಅವರ ತಂಡ ಚೊಚ್ಚಲ ವರ್ಷವೇ ಗೆದ್ದಿತು. 2015ರ ಜನವರಿಯಲ್ಲಿ ಫೆಡರೇಷನ್ ಕಪ್ಪೂ ದಕ್ಕಿತು. ಆದರೆ ಗೆಲುವುಗಳಿಗಿಂತ ಹೆಚ್ಚು ಗಮನಾರ್ಹವಾದುದು 2015ರ ಮೇ 31ರ ಪಂದ್ಯ: ಮಳೆಯ ನಡುವೆ ಕಂಠೀರವ ಕ್ರೀಡಾಂಗಣದಲ್ಲಿ ಕೋಲ್ಕತ್ತದ ಮೋಹನ್ ಬಾಗನ್ ತಂಡದ ವಿರುದ್ಧ ಗೆದ್ದರೆ ಮಾತ್ರ ಐ-ಲೀಗ್ ಪ್ರಶಸ್ತಿ ಉಳಿಯುತ್ತಿದ್ದ ಆ ದಿನ, ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದ ತಂಡಕ್ಕೆ ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಬಾಗನ್‌ನ ಬೆಲ್ಲೋ ರಜಾಕ್ ತಲೆಯಿಂದ ಹೊಡೆದ ಸಮಬಲದ ಗೋಲು ಕಿರೀಟ ತಪ್ಪಿಸಿತು. ಮರುವರ್ಷ ಅದೇ ಅಂಗಳದಲ್ಲಿ ಲೀಗ್ ಮತ್ತೆ ಕೈಸೇರಿತು.

2016ರಲ್ಲಿ ವೆಸ್ಟ್‌ವುಡ್ ನಿರ್ಗಮಿಸಿದರು. ಅವರು ಕಟ್ಟಿದ ತಂಡವನ್ನೇ ಬಹುಮಟ್ಟಿಗೆ ನೆಚ್ಚಿದ ನಂತರದ ತರಬೇತುದಾರ ಆಲ್ಬರ್ಟ್ ರೋಕಾ ಅದನ್ನು ಅದೇ ವರ್ಷದ ನವೆಂಬರ್‌ನಲ್ಲಿ ದೋಹಾದಲ್ಲಿ ನಡೆದ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್‌ವರೆಗೆ ಒಯ್ದು, ಇರಾಕಿನ ವಾಯುಪಡೆ ತಂಡಕ್ಕೆ 0-1ರಿಂದ ಸೋತರು.