ರೇಡಿಯೋ ನಿಯಂತ್ರಣ ಪ್ರೇಷಕದ ವ್ಯಾಪ್ತಿ ಮತ್ತು ಸೂಕ್ಷ್ಮತರಂಗ ಸುರಕ್ಷತೆ

ರೇಡಿಯೋ ನಿಯಂತ್ರಣ ಪ್ರೇಷಕ ಅಥವಾ ಟ್ರಾನ್ಸ್‌ಮಿಟರ್ ಎಂಬುದು ಮಾದರಿ ವಿಮಾನ, ದೋಣಿ, ಕಾರು, ಡ್ರೋನ್ ಮೊದಲಾದವುಗಳನ್ನು ದೂರದಿಂದ ನಡೆಸಲು ಬಳಸುವ ಸಾಧನವಾಗಿದೆ. ಇದು ಕಳುಹಿಸುವ ಸಂಕೇತವನ್ನು ವಾಹನದಲ್ಲಿರುವ ರಿಸೀವರ್ ತಪ್ಪಿಲ್ಲದೆ ಗ್ರಹಿಸಬಲ್ಲ ಗರಿಷ್ಠ ದೂರವನ್ನು ಪ್ರೇಷಕದ ವ್ಯಾಪ್ತಿ ಎನ್ನುತ್ತಾರೆ. ಇಂದಿನ ಬಹುಪಾಲು ಪ್ರೇಷಕಗಳು 2.4 ಗಿಗಾಹರ್ಟ್ಸ್ ಆವರ್ತನದಲ್ಲಿ, ಅಂದರೆ ಸೂಕ್ಷ್ಮತರಂಗಗಳ ಅಥವಾ ಮೈಕ್ರೋವೇವ್‌ಗಳ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಆದುದರಿಂದ ವ್ಯಾಪ್ತಿಯನ್ನು ಹೆಚ್ಚಿಸುವ ಪ್ರಯತ್ನದೊಂದಿಗೆ ವಿಕಿರಣ ಸುರಕ್ಷತೆಯ ಪ್ರಶ್ನೆಯೂ ಸೇರಿಕೊಂಡಿದೆ. ವ್ಯಾಪ್ತಿ ಮತ್ತು ಸುರಕ್ಷತೆ ಎರಡನ್ನೂ ಮುಖ್ಯವಾಗಿ ನಿರ್ಧರಿಸುವುದು ವಿಲೋಮ ವರ್ಗ ನಿಯಮ. ಪ್ರೇಷಕದ ಸಾಮರ್ಥ್ಯವನ್ನು ನಾಲ್ಕು ಪಟ್ಟು ಮಾಡಿದರೆ ವ್ಯಾಪ್ತಿ ಎರಡು ಪಟ್ಟು ಮಾತ್ರ ಆಗುತ್ತದೆ. ಆದರೆ ಆಂಟೆನಾದ ಬಳಿ ಇರುವ ವ್ಯಕ್ತಿಯ ಮೇಲೆ ಬೀಳುವ ವಿಕಿರಣ ಪೂರ್ತಿ ನಾಲ್ಕು ಪಟ್ಟಾಗುತ್ತದೆ.

ಇತಿಹಾಸ

ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಡಿಯೋ ಅಲೆಗಳಿಂದ ನಿಯಂತ್ರಿಸಲ್ಪಡುವ ಪುಟ್ಟ ದೋಣಿಯನ್ನು ಪ್ರದರ್ಶಿಸಿದರು. ಅದೇ ವರ್ಷ ಅದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹವ್ಯಾಸಿಗಳು 27 ಮೆಗಾಹರ್ಟ್ಸ್, ಯುರೋಪಿನಲ್ಲಿ 35 ಮೆಗಾಹರ್ಟ್ಸ್ ಹಾಗೂ ಅಮೆರಿಕದಲ್ಲಿ 72 ಮೆಗಾಹರ್ಟ್ಸ್ ಪಟ್ಟಿಗಳನ್ನು ಬಳಸುತ್ತಿದ್ದರು. ಈ ವ್ಯವಸ್ಥೆಗಳಲ್ಲಿ ಇಬ್ಬರು ಒಂದೇ ಚಾನೆಲ್ ಬಳಸಿದರೆ ಮಾದರಿಯು ಹತೋಟಿ ತಪ್ಪುತ್ತಿತ್ತು. 2000ದ ದಶಕದ ಮಧ್ಯಭಾಗದಿಂದ 2.4 ಗಿಗಾಹರ್ಟ್ಸ್‌ನ ಹರಡು ರೋಹಿತ ತಂತ್ರಜ್ಞಾನ ಬಳಕೆಗೆ ಬಂದು, ಸಂಕೇತವನ್ನು ವಿಶಾಲ ಪಟ್ಟಿಯಲ್ಲಿ ಹರಡುವ ಅಥವಾ ಆವರ್ತನದಿಂದ ಆವರ್ತನಕ್ಕೆ ಜಿಗಿಸುವ ಮೂಲಕ ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಿತು.

ವ್ಯಾಪ್ತಿಯ ಲೆಕ್ಕಾಚಾರ

ಸಂಕೇತದ ಬಲವನ್ನು ಸಾಮಾನ್ಯವಾಗಿ ಡೆಸಿಬೆಲ್‌ಗಳಲ್ಲಿ ಅಳೆಯಲಾಗುತ್ತದೆ. 1 ಮಿಲಿವ್ಯಾಟ್ ಸಾಮರ್ಥ್ಯವನ್ನು 0 ಡಿಬಿಎಂ ಎಂದು ಪರಿಗಣಿಸಿದರೆ 100 ಮಿಲಿವ್ಯಾಟ್ ಎಂಬುದು 20 ಡಿಬಿಎಂ, 1 ವ್ಯಾಟ್ ಎಂಬುದು 30 ಡಿಬಿಎಂ ಆಗುತ್ತದೆ. ಯಾವ ಅಡ್ಡಿಯೂ ಇಲ್ಲದ ಬಯಲಿನಲ್ಲಿ 2.4 ಗಿಗಾಹರ್ಟ್ಸ್ ಸಂಕೇತವು 1 ಕಿಲೋಮೀಟರ್ ಸಾಗುವಷ್ಟರಲ್ಲಿ ಸುಮಾರು 100 ಡೆಸಿಬೆಲ್ ನಷ್ಟವಾಗುತ್ತದೆ. ದೂರ ಇಮ್ಮಡಿಯಾದಂತೆಲ್ಲ ಇನ್ನೂ 6 ಡೆಸಿಬೆಲ್ ನಷ್ಟ ಸೇರುತ್ತದೆ.

ಉದಾಹರಣೆಗೆ, 100 ಮಿಲಿವ್ಯಾಟ್ ಪ್ರೇಷಕ, ಎರಡೂ ತುದಿಗಳಲ್ಲಿ ತಲಾ 2 ಡೆಸಿಬೆಲ್ ಗಳಿಕೆಯ ಆಂಟೆನಾ ಮತ್ತು −100 ಡಿಬಿಎಂ ಸಂವೇದನೆಯ ರಿಸೀವರ್ ಇವೆ ಎಂದು ಭಾವಿಸೋಣ. ಈ ಜೋಡಿಯು ಒಟ್ಟು 124 ಡೆಸಿಬೆಲ್ ನಷ್ಟವನ್ನು ತಾಳಬಲ್ಲದು. ವಿಮಾನದ ತಿರುವು, ಪ್ರತಿಫಲನ ಮೊದಲಾದ ಕಾರಣಗಳಿಂದ ಸಂಕೇತ ಕುಗ್ಗುವುದಕ್ಕಾಗಿ 20 ಡೆಸಿಬೆಲ್ ಮೀಸಲಿಟ್ಟರೆ ಉಳಿಯುವುದು 104. ಅಂದರೆ ವ್ಯಾಪ್ತಿ ಸುಮಾರು 1.6 ಕಿಲೋಮೀಟರ್. ಸಾಮರ್ಥ್ಯವನ್ನು ಹತ್ತು ಪಟ್ಟು ಹೆಚ್ಚಿಸಿ 1 ವ್ಯಾಟ್ ಮಾಡಿದರೆ ವ್ಯಾಪ್ತಿ ಸುಮಾರು 5 ಕಿಲೋಮೀಟರ್‌ಗೆ ಏರುತ್ತದೆ. ರಿಸೀವರಿನ ಸಂವೇದನೆಯನ್ನು 10 ಡೆಸಿಬೆಲ್ ಸುಧಾರಿಸಿದರೂ ಫಲ ಇಷ್ಟೇ. ಎರಡನೆಯ ವಿಧಾನದಲ್ಲಿ ವಿಕಿರಣವು ಕಿಂಚಿತ್ತೂ ಹೆಚ್ಚುವುದಿಲ್ಲ.

ವ್ಯಾಪ್ತಿ ಹೆಚ್ಚಿಸುವ ವಿಧಾನಗಳು

ದೃಷ್ಟಿರೇಖೆ ಮತ್ತು ಎತ್ತರ: 2.4 ಗಿಗಾಹರ್ಟ್ಸ್ ಅಲೆಯ ತರಂಗದೂರ ಸುಮಾರು 12.5 ಸೆಂಟಿಮೀಟರ್. ಮರದ ಹಸಿ ಎಲೆಗಳು, ಗೋಡೆಗಳು ಹಾಗೂ ಮನುಷ್ಯ ಶರೀರ ಇದನ್ನು ಬಹುವಾಗಿ ತಡೆಯುತ್ತವೆ. ಆಂಟೆನಾಗಳು ಪರಸ್ಪರ ಕಂಡರಷ್ಟೇ ಸಾಲದು. ಅವುಗಳ ನಡುವಿನ ರೇಖೆಯ ಸುತ್ತಲೂ ಫ್ರೆನೆಲ್ ವಲಯ ಎಂಬ ತೆರವಾದ ಜಾಗ ಇರಬೇಕು. 1 ಕಿಲೋಮೀಟರ್ ಅಂತರದಲ್ಲಿ ಈ ವಲಯದ ತ್ರಿಜ್ಯವು ಮಧ್ಯಭಾಗದಲ್ಲಿ ಸುಮಾರು 5.6 ಮೀಟರ್ ಇರುತ್ತದೆ. ಆದುದರಿಂದ ಎತ್ತರದ ದಿಣ್ಣೆಯ ಮೇಲೆ ನಿಲ್ಲುವುದು ಖರ್ಚಿಲ್ಲದ ಉತ್ತಮ ಉಪಾಯ.

ಆಂಟೆನಾದ ಜೋಡಣೆ: ಕಡ್ಡಿಯಂಥ ಆಂಟೆನಾದ ತುದಿಯ ದಿಕ್ಕಿನಲ್ಲಿ ವಿಕಿರಣ ಅತ್ಯಲ್ಪ. ಆದುದರಿಂದ ತುದಿಯನ್ನು ವಿಮಾನದ ಕಡೆಗೆ ಗುರಿಯಿಡಬಾರದು. ಪ್ರೇಷಕ ಮತ್ತು ರಿಸೀವರ್ ಆಂಟೆನಾಗಳ ಧ್ರುವೀಕರಣ ಹೊಂದಿಕೆಯಾಗಿರಬೇಕು. ರಿಸೀವರಿನಲ್ಲಿ ಪರಸ್ಪರ ಲಂಬವಾಗಿ ಎರಡು ಆಂಟೆನಾಗಳನ್ನು ಇಟ್ಟು, ಕಾರ್ಬನ್ ನಾರು ಹಾಗೂ ಲೋಹದ ಭಾಗಗಳಿಂದ ದೂರವಿರಿಸಿದರೆ ಸಂಪರ್ಕ ಕಡಿಯುವುದು ಕಡಿಮೆಯಾಗುತ್ತದೆ.

ದಿಕ್ಸೂಚಿತ ಆಂಟೆನಾ: ಪ್ಯಾಚ್ ಅಥವಾ ಯಾಗಿ ಆಂಟೆನಾಗಳು ಶಕ್ತಿಯನ್ನು ಒಂದೇ ದಿಕ್ಕಿಗೆ ಕೇಂದ್ರೀಕರಿಸುತ್ತವೆ. ಗಳಿಕೆ ಹೆಚ್ಚಿದಂತೆ ಕಿರಣ ಕಿರಿದಾಗುವುದರಿಂದ ವಿಮಾನದತ್ತ ಸದಾ ತಿರುಗಿಸುತ್ತಿರಬೇಕು. ತೆಳುವಾದ ಉದ್ದ ಕೇಬಲ್ ಬಳಸಿದರೆ ಈ ಲಾಭ ಕೇಬಲಿನಲ್ಲೇ ಕಳೆದುಹೋಗುತ್ತದೆ.

ಕಡಿಮೆ ಆವರ್ತನ ಮತ್ತು ನಿಧಾನ ಸಂಕೇತ: ಕೆಲವು ದೂರವ್ಯಾಪ್ತಿಯ ವ್ಯವಸ್ಥೆಗಳು 868 ಅಥವಾ 915 ಮೆಗಾಹರ್ಟ್ಸ್ ಬಳಸುತ್ತವೆ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ಮುಕ್ತ ತಂತ್ರಾಂಶ ಯೋಜನೆಯು ಲೋರಾ ಎಂಬ ವಿಧಾನವನ್ನು ಬಳಸುತ್ತದೆ. ಪ್ರತಿ ಸೆಕೆಂಡಿಗೆ ಕಳುಹಿಸುವ ಸಂಕೇತಗಳ ಸಂಖ್ಯೆಯನ್ನು ಇಳಿಸಿದಷ್ಟೂ ರಿಸೀವರಿನ ಸಂವೇದನೆ ಏರುತ್ತದೆ.

ಸಾಮರ್ಥ್ಯ ವರ್ಧಕ: ಪ್ರೇಷಕ ಮತ್ತು ಆಂಟೆನಾಗಳ ನಡುವೆ ಆಂಪ್ಲಿಫೈಯರ್ ಸೇರಿಸುವುದು ಜನಪ್ರಿಯ ವಿಧಾನ. ಇದರಿಂದ ಬ್ಯಾಟರಿ ಬೇಗ ಖರ್ಚಾಗುತ್ತದೆ ಮತ್ತು ಅಕ್ಕಪಕ್ಕದ ವೈ-ಫೈ ಹಾಗೂ ಇತರರ ಮಾದರಿಗಳಿಗೆ ಅಡಚಣೆಯಾಗಬಹುದು. ಆಂಟೆನಾ ಜೋಡಿಸದೆ ಚಾಲೂ ಮಾಡಿದರೆ ಶಕ್ತಿ ಹಿಂದಿರುಗಿ ವರ್ಧಕವೇ ಸುಟ್ಟುಹೋಗಬಹುದು.

ಸೂಕ್ಷ್ಮತರಂಗಗಳ ಪರಿಣಾಮ

2.4 ಗಿಗಾಹರ್ಟ್ಸ್ ವಿಕಿರಣವು ಅಯಾನೀಕರಿಸದ ವಿಕಿರಣ. ಇದರ ಒಂದು ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟಿನ ಸುಮಾರು ಲಕ್ಷದಲ್ಲಿ ಒಂದು ಭಾಗ ಮಾತ್ರ. ಎಕ್ಸ್-ಕಿರಣದಂತೆ ಅಣುಗಳ ಬಂಧವನ್ನು ಮುರಿಯಲು ಇದು ಸಾಲದು. ಇದರ ದೃಢಪಟ್ಟ ಹಾನಿ ಅಂಗಾಂಶವನ್ನು ಬಿಸಿ ಮಾಡುವುದು. ಕಣ್ಣಿನ ಮಸೂರದಲ್ಲಿ ರಕ್ತನಾಳಗಳಿಲ್ಲದ ಕಾರಣ ಅಲ್ಲಿ ಸೇರಿದ ಉಷ್ಣ ಬೇಗ ಹರಡಿಹೋಗುವುದಿಲ್ಲ. ತೀವ್ರ ವಿಕಿರಣಕ್ಕೆ ಒಡ್ಡಿದ ಪ್ರಾಣಿಗಳಲ್ಲಿ ಕಣ್ಣಿನ ಪೊರೆ ಬೆಳೆದುದು ಪ್ರಯೋಗಗಳಲ್ಲಿ ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರಲ್ಲಿ ರೇಡಿಯೋ ಆವರ್ತನ ಕ್ಷೇತ್ರಗಳನ್ನು 2ಬಿ, ಅಂದರೆ ಕ್ಯಾನ್ಸರ್‌ಕಾರಕವಾಗಿರುವ ಸಂಭವವುಳ್ಳವು ಎಂಬ ಗುಂಪಿಗೆ ಸೇರಿಸಿತು. ಪುರಾವೆ ಸೀಮಿತವೆಂಬುದನ್ನು ಈ ವರ್ಗೀಕರಣ ಸೂಚಿಸುತ್ತದೆ.

ಅಯಾನೀಕರಿಸದ ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗವು ಈ ಆವರ್ತನದಲ್ಲಿ ಸಾರ್ವಜನಿಕರ ಇಡೀ ಶರೀರಕ್ಕೆ ಚದರ ಮೀಟರಿಗೆ ಸರಾಸರಿ 10 ವ್ಯಾಟ್ ಮಿತಿಯನ್ನು ಸೂಚಿಸಿದೆ. ಆಂಟೆನಾದ ಗಳಿಕೆಯೂ ಸೇರಿ 100 ಮಿಲಿವ್ಯಾಟ್ ಹೊರಸೂಸುವ ಪ್ರೇಷಕದಿಂದ 20 ಸೆಂಟಿಮೀಟರ್ ದೂರದಲ್ಲಿ ಬೀಳುವುದು ಚದರ ಮೀಟರಿಗೆ ಸುಮಾರು 0.2 ವ್ಯಾಟ್. ಇದೇ ರೀತಿ 4 ವ್ಯಾಟ್ ಹೊರಸೂಸಿದರೆ ಅಲ್ಲಿ ಸುಮಾರು 8 ವ್ಯಾಟ್, 10 ಸೆಂಟಿಮೀಟರಿನಲ್ಲಿ ಸುಮಾರು 32 ವ್ಯಾಟ್ ಆಗುತ್ತದೆ. ಹೀಗೆ ಸಾಮಾನ್ಯ ಪ್ರೇಷಕವು ಮಿತಿಗಿಂತ ಬಹಳ ಕೆಳಗಿದ್ದರೂ, ವರ್ಧಕ ಮತ್ತು ದಿಕ್ಸೂಚಿತ ಆಂಟೆನಾ ಸೇರಿದಾಗ ಮುಖದ ಬಳಿ ಅಂತರ ಕಾಯ್ದುಕೊಳ್ಳುವುದು ಅಗತ್ಯವಾಗುತ್ತದೆ.

ಮೈಕ್ರೋವೇವ್ ಒಲೆಯೊಂದಿಗೆ ಹೋಲಿಕೆ

ಅಡುಗೆಮನೆಯ ಮೈಕ್ರೋವೇವ್ ಒಲೆ 2.45 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವುದರಿಂದ ಎರಡೂ ಒಂದೇ ಬಗೆಯ ಅಪಾಯವೆಂಬ ಭಾವನೆಯಿದೆ. ಆದರೆ ಒಲೆಯ ಮ್ಯಾಗ್ನೆಟ್ರಾನ್ ನೂರಾರು ವ್ಯಾಟ್ ಶಕ್ತಿಯನ್ನು ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ ಸುರಿಯುತ್ತದೆ. ಇದು 100 ಮಿಲಿವ್ಯಾಟ್ ಪ್ರೇಷಕದ ಸಾವಿರಾರು ಪಟ್ಟು. ಈ ಆವರ್ತನವು ನೀರಿನ ಅನುರಣನ ಆವರ್ತನ ಎಂಬ ಪ್ರಚಲಿತ ಹೇಳಿಕೆಯೂ ಸರಿಯಲ್ಲ. ಹಳೆಯ ಒಲೆಯಿಂದ ಮ್ಯಾಗ್ನೆಟ್ರಾನ್ ತೆಗೆದು ಪ್ರಯೋಗ ನಡೆಸುವುದು ಪ್ರಾಣಾಪಾಯಕರ. ತೆರೆದ ಕಿರಣವು ಕ್ಷಣಗಳಲ್ಲಿ ಕಣ್ಣು ಮತ್ತು ಚರ್ಮವನ್ನು ಸುಡಬಲ್ಲದು. ಒಲೆಯ ಕೆಪ್ಯಾಸಿಟರ್ ವಿದ್ಯುತ್ ಸಂಪರ್ಕ ತೆಗೆದ ಬಳಿಕವೂ ಮಾರಕ ವೋಲ್ಟೇಜನ್ನು ಹಿಡಿದಿಟ್ಟುಕೊಳ್ಳಬಹುದು.

ಕಾನೂನು

ಭಾರತದಲ್ಲಿ 2005ರ ನಿಯಮಗಳ ಪ್ರಕಾರ 2.4ರಿಂದ 2.4835 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಬಹುದು. ಪ್ರೇಷಕದ ಸಾಮರ್ಥ್ಯ 1 ವ್ಯಾಟ್ ಹಾಗೂ ಆಂಟೆನಾದ ಗಳಿಕೆ ಸೇರಿದ ಒಟ್ಟು ಹೊರಸೂಸುವಿಕೆ 4 ವ್ಯಾಟ್ ಮೀರಬಾರದು. ಯುರೋಪಿನಲ್ಲಿ ಈ ಒಟ್ಟು ಮಿತಿ 100 ಮಿಲಿವ್ಯಾಟ್. ಅಮೆರಿಕಕ್ಕಾಗಿ ತಯಾರಾದ 915 ಮೆಗಾಹರ್ಟ್ಸ್ ಉಪಕರಣಗಳಿಗೆ ಭಾರತದಲ್ಲಿ ಇಂಥ ವಿನಾಯಿತಿ ಇಲ್ಲ. ಪ್ರೇಷಕದ ವ್ಯಾಪ್ತಿ ಹೆಚ್ಚಿದ ಮಾತ್ರಕ್ಕೆ ಹಾರಾಟದ ಮಿತಿಗಳು ಸಡಿಲವಾಗುವುದಿಲ್ಲ. ಡ್ರೋನ್‌ಗಳಿಗೆ 2021ರ ಡ್ರೋನ್ ನಿಯಮಗಳು ಪ್ರತ್ಯೇಕವಾಗಿ ಅನ್ವಯಿಸುತ್ತವೆ.

ಮುನ್ನೆಚ್ಚರಿಕೆಗಳು

- ಪ್ರೇಷಕ ಚಾಲೂ ಇರುವಾಗ ಆಂಟೆನಾವನ್ನು ಮುಟ್ಟಬಾರದು ಮತ್ತು ಮುಖದಿಂದ ಕನಿಷ್ಠ 20 ಸೆಂಟಿಮೀಟರ್ ದೂರವಿರಿಸಬೇಕು.
- ದಿಕ್ಸೂಚಿತ ಆಂಟೆನಾವನ್ನು ಮನುಷ್ಯರತ್ತ ತಿರುಗಿಸಬಾರದು. ಅದನ್ನು ಕೈಯಲ್ಲಿ ಹಿಡಿಯುವ ಬದಲು ಕಂಬ ಅಥವಾ ಮುಕ್ಕಾಲಿಯ ಮೇಲೆ ನಿಲ್ಲಿಸುವುದು ಒಳಿತು.
- ಪ್ರತಿ ಹಾರಾಟಕ್ಕೆ ಮುನ್ನ ಪ್ರೇಷಕದ ಕಡಿಮೆ ಸಾಮರ್ಥ್ಯದ ಪರೀಕ್ಷಾ ವಿಧಾನದಲ್ಲಿ ವ್ಯಾಪ್ತಿಯನ್ನು ನೆಲದ ಮೇಲೆಯೇ ಪರೀಕ್ಷಿಸಬೇಕು.
- ಸಂಕೇತ ಕಡಿದಾಗ ಎಂಜಿನ್ ಅಥವಾ ಮೋಟಾರು ತಾನಾಗಿ ನಿಲ್ಲುವಂತೆ, ಇಲ್ಲವೇ ಡ್ರೋನ್ ಹೊರಟ ಸ್ಥಳಕ್ಕೆ ಮರಳುವಂತೆ ಫೇಲ್‌ಸೇಫ್ ಹೊಂದಿಸಿರಬೇಕು. ವ್ಯಾಪ್ತಿ ಎಷ್ಟೇ ಇದ್ದರೂ ಅದಕ್ಕೊಂದು ಅಂಚು ಇದ್ದೇ ಇರುವುದರಿಂದ ಈ ಏರ್ಪಾಡು ಎಲ್ಲ ವ್ಯವಸ್ಥೆಗಳಿಗೂ ಅಗತ್ಯ.