ಕುತ್ತಿಗೆ ನೋವಿಗೆ ಎಷ್ಟು ಭಾರ? ಫಿನ್‌ಲೆಂಡಿನ ಎರಡು ಪ್ರಯೋಗಗಳ ಮರು ಓದು

2003ರಲ್ಲಿ ಫಿನ್‌ಲೆಂಡಿನಿಂದ ದೀರ್ಘಕಾಲದ ಕುತ್ತಿಗೆ ನೋವಿನ ಬಗ್ಗೆ ಎರಡು ಪ್ರಯೋಗಗಳ ವರದಿ ಕೆಲವೇ ತಿಂಗಳ ಅಂತರದಲ್ಲಿ ಬಂದವು. ಎರಡರಲ್ಲೂ ಭಾಗವಹಿಸಿದವರು ಕಚೇರಿಯಲ್ಲಿ ಕೂತು ಕೆಲಸ ಮಾಡುವ ಮಹಿಳೆಯರು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಎರಡರಲ್ಲೂ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿ, ಒಂದು ವರ್ಷ ಕಾದು ಫಲಿತಾಂಶ ಅಳೆದಿದ್ದರು. ಆದರೂ ಒಂದು ವರದಿ ಸ್ನಾಯು ವ್ಯಾಯಾಮದಿಂದ ಏನೂ ಪ್ರಯೋಜನವಿಲ್ಲ ಎಂದಿತು, ಇನ್ನೊಂದು ಬಹಳ ಪ್ರಯೋಜನವಿದೆ ಎಂದಿತು. ನಮ್ಮ ಫಿಸಿಯೋಥೆರಪಿ ಬರವಣಿಗೆಯಲ್ಲಿ ಎರಡನೆಯದೇ ಹೆಚ್ಚು ಉಲ್ಲೇಖಗೊಳ್ಳುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ವ್ಯಾಯಾಮದ ಪ್ರಮಾಣದ ಬಗ್ಗೆ ನಾವು ಕೇಳಬೇಕಾದ ಪ್ರಶ್ನೆ ಬೇರೆಯೇ ಎಂಬುದು ಈ ಲೇಖನದ ವಾದ.

ಫಲ ಕಾಣದ ಪ್ರಯೋಗ ವಿಲ್ಯಾನೆನ್ ಮತ್ತು ಸಂಗಡಿಗರದು; ಪ್ರಕಟವಾದದ್ದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ. 393 ಮಹಿಳೆಯರಲ್ಲಿ ಒಂದು ಗುಂಪಿಗೆ ಡಂಬೆಲ್ ಹಿಡಿದು ಮಾಡುವ ಸ್ನಾಯು ವ್ಯಾಯಾಮ, ಇನ್ನೊಂದಕ್ಕೆ ಸ್ನಾಯು ಸಡಿಲಿಸುವ ತರಬೇತಿ, ಮೂರನೆಯದಕ್ಕೆ ಎಂದಿನ ದಿನಚರಿ. ವಾರಕ್ಕೆ ಮೂರು ಸಲ, ಪ್ರತಿ ಸಲ ಅರ್ಧ ಗಂಟೆ, ಹನ್ನೆರಡು ವಾರ. ವರ್ಷದ ಕೊನೆಗೆ ಮೂರು ಗುಂಪುಗಳ ನೋವಿನಲ್ಲಿ ವ್ಯತ್ಯಾಸವಿರಲಿಲ್ಲ.

ಜಾಮಾ ಪತ್ರಿಕೆಯಲ್ಲಿ ಬಂದ ಯಾರಿ ಯೂಲಿನೆನ್ ಅವರ ಪ್ರಯೋಗದಲ್ಲಿ 180 ಮಹಿಳೆಯರಿದ್ದರು. ಬಲವರ್ಧನೆಯ ಗುಂಪಿನವರು ಕುಳಿತಲ್ಲೇ ತಲೆಗೆ ಎಲಾಸ್ಟಿಕ್ ಪಟ್ಟಿ ಸುತ್ತಿಕೊಂಡು ಅದರ ಎಳೆತದ ವಿರುದ್ಧ ಮುಂದಕ್ಕೆ, ಎಡ-ಬಲ ಓರೆಯಾಗಿ, ಹಿಂದಕ್ಕೆ ದಿಕ್ಕಿಗೆ ಹದಿನೈದು ಸಲದಂತೆ ಬಾಗಬೇಕಿತ್ತು. ಪಟ್ಟಿಯ ಎಳೆತವನ್ನು ಅವರವರ ಗರಿಷ್ಠ ಶಕ್ತಿಯ ಶೇ. 80ಕ್ಕೆ ಹೊಂದಿಸಿದ್ದರು. ಎರಡನೆಯ ಗುಂಪು ತಾಳಿಕೆಯದು: ಅಂಗಾತ ಮಲಗಿ ಬರಿಯ ತಲೆಯನ್ನು ಎತ್ತುವುದು, ಇಪ್ಪತ್ತರಂತೆ ಮೂರು ಸುತ್ತು, ಕೈಗೆ 2 ಕಿಲೋ ಡಂಬೆಲ್. ಮೂರನೆಯ ಗುಂಪಿಗೆ ನಡಿಗೆಯಂಥ ವ್ಯಾಯಾಮ ಮತ್ತು ಮೈ ಎಳೆತದ ಸಲಹೆ ಮಾತ್ರ. ಮೊದಲೆರಡು ಗುಂಪುಗಳು ಹನ್ನೆರಡು ದಿನ ಪುನರ್ವಸತಿ ಕೇಂದ್ರದಲ್ಲಿದ್ದು ಕಲಿತು, ಆಮೇಲೆ ಮನೆಯಲ್ಲಿ ವರ್ಷವಿಡೀ ಮುಂದುವರಿಸಿದರು. ನೋವು ಬಹಳಷ್ಟು ಕಡಿಮೆಯಾಯಿತು ಅಥವಾ ಪೂರ್ತಿ ಹೋಯಿತು ಎಂದವರು ಬಲವರ್ಧನೆಯ ಗುಂಪಿನಲ್ಲಿ ಶೇ. 73, ತಾಳಿಕೆಯ ಗುಂಪಿನಲ್ಲಿ ಶೇ. 59, ಸಲಹೆಯ ಗುಂಪಿನಲ್ಲಿ ಶೇ. 21.

ಹಾಗಾದರೆ ವಿಲ್ಯಾನೆನ್ ಅವರ ಸೋಲಿಗೆ ಭಾರ ಸಾಲದ್ದೇ ಕಾರಣವೇ? ಪಾಠ್ಯಪುಸ್ತಕಗಳ ಮಾಮೂಲಿ ಉತ್ತರ ಅದೇ. ಆದರೆ ಯೂಲಿನೆನ್ ಅವರ ಇನ್ನೊಂದು ಸಾಲು ಅಂಕಿಗಳು ಆ ಉತ್ತರಕ್ಕೆ ಒಗ್ಗುವುದಿಲ್ಲ. ಕುತ್ತಿಗೆಯನ್ನು ಮುಂದಕ್ಕೆ ಬಾಗಿಸುವ ಶಕ್ತಿ ಬಲವರ್ಧನೆಯ ಗುಂಪಿನಲ್ಲಿ ಶೇ. 110 ಹೆಚ್ಚಿತು, ತಾಳಿಕೆಯ ಗುಂಪಿನಲ್ಲಿ ಬರೀ ಶೇ. 28. ಶಕ್ತಿಯ ಗಳಿಕೆಯಲ್ಲಿ ಸುಮಾರು ನಾಲ್ಕು ಪಟ್ಟು ಅಂತರ. ನೋವಿನ ಪರಿಹಾರದಲ್ಲಿ 73 ಮತ್ತು 59ರ ನಡುವಿನ ಅಂತರ ಮಾತ್ರ. ನೋವು ಇಳಿಯುವುದು ಸ್ನಾಯು ಬಲಿತಷ್ಟೇ ಎಂದಾಗಿದ್ದರೆ ತಾಳಿಕೆಯ ಗುಂಪು ಸಲಹೆಯ ಗುಂಪಿನ ಹತ್ತಿರ ನಿಲ್ಲಬೇಕಿತ್ತು. ಅದು ನಿಂತದ್ದು ಬಲವರ್ಧನೆಯ ಗುಂಪಿನ ಪಕ್ಕದಲ್ಲಿ.

ಡೆನ್ಮಾರ್ಕಿನಲ್ಲಿ ಲಾರ್ಸ್ ಆಂಡರ್ಸನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅನುಮಾನವನ್ನು ಗಟ್ಟಿಮಾಡುತ್ತದೆ. ಕಚೇರಿ ನೌಕರರು 198 ಮಂದಿ. ಎಲಾಸ್ಟಿಕ್ ಕೊಳವೆ ಹಿಡಿದು ಎರಡೂ ತೋಳುಗಳನ್ನು ಪಕ್ಕಕ್ಕೆ ಎತ್ತುವ ಒಂದೇ ವ್ಯಾಯಾಮ. ವಾರಕ್ಕೆ ಐದು ದಿನ, ಹತ್ತು ವಾರ. ಒಂದು ಗುಂಪಿಗೆ ದಿನಕ್ಕೆ 2 ನಿಮಿಷ, ಇನ್ನೊಂದಕ್ಕೆ 12. ವ್ಯಾಯಾಮವಿಲ್ಲದ ಗುಂಪಿಗೆ ಹೋಲಿಸಿದರೆ ಹತ್ತರ ಅಳತೆಯಲ್ಲಿ ನೋವು ಮೊದಲ ಗುಂಪಿನಲ್ಲಿ 1.4, ಎರಡನೆಯದರಲ್ಲಿ 1.9 ಅಂಕ ಇಳಿಯಿತು. ಆರು ಪಟ್ಟು ಸಮಯ ಕೊಟ್ಟದ್ದಕ್ಕೆ ಸಿಕ್ಕ ಹೆಚ್ಚಳ ಅರ್ಧ ಅಂಕ! ಆದರೆ ಯಾವ ವ್ಯಾಯಾಮವಾದರೂ ನಡೆಯುತ್ತದೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಇದೇ ತಂಡ 2008ರಲ್ಲಿ ಹೆಗಲ ಟ್ರೆಪೀಜಿಯಸ್ ಸ್ನಾಯುವಿನ ನೋವಿದ್ದ 48 ಮಹಿಳೆಯರ ಮೇಲೆ ನಡೆಸಿದ ಅಧ್ಯಯನದಲ್ಲಿ, ನೋವಿರುವ ಜಾಗಕ್ಕೇ ಕೆಲಸ ಕೊಟ್ಟ ಗುಂಪಿಗೆ ಆರಾಮ ಬಹುಕಾಲ ಉಳಿಯಿತು. ಒಟ್ಟಾರೆ ದೇಹದಾರ್ಢ್ಯದ ವ್ಯಾಯಾಮ ಮಾಡಿದವರಿಗೆ ಸಿಕ್ಕದ್ದು ಸ್ವಲ್ಪ ಹೊತ್ತಿನ ಸಣ್ಣ ಆರಾಮವಷ್ಟೇ. ವ್ಯಾಯಾಮ ಯಾವ ಜಾಗಕ್ಕೆ ತಾಗುತ್ತದೆ ಮತ್ತು ತಪ್ಪದೆ ನಡೆಯುತ್ತದೆಯೇ ಎಂಬೆರಡರ ಮುಂದೆ ಭಾರದ ಪ್ರಶ್ನೆ ಎರಡನೆಯ ಸಾಲಿನದು ಎಂದೇ ನನ್ನ ಓದು. ವಿಲ್ಯಾನೆನ್ ಪ್ರಯೋಗದಲ್ಲಿ ಮಹಿಳೆಯರು ಹಾಜರಾದ ತರಗತಿಗಳು ಅರ್ಧಕ್ಕೂ ಕಡಿಮೆ. ಆ ವರದಿಯನ್ನು ಉಲ್ಲೇಖಿಸುವವರು ಈ ಸಂಗತಿಯನ್ನು ಬಿಟ್ಟುಬಿಡುವುದು ಸರಿಯಲ್ಲ.

ಭಾರವೇ ಬೇಡ ಎನ್ನುವ ಪಂಥವೂ ಇದೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ವೆಂಡೊಲಿನ್ ಜುಲ್ ಅವರ ದೃಷ್ಟಿಯಲ್ಲಿ ತೊಂದರೆ ಇರುವುದು ಬೆನ್ನೆಲುಬಿನ ಮುಂಭಾಗಕ್ಕೆ ಅಂಟಿಕೊಂಡಿರುವ ಆಳದ ಸ್ನಾಯುಗಳು ಸರಿಯಾಗಿ ಕೆಲಸ ಮಾಡದಿರುವುದರಲ್ಲಿ. ಅವರು ರೂಪಿಸಿದ ಪರೀಕ್ಷೆ ಸರಳ. ರೋಗಿ ಮಂಡಿ ಮಡಚಿ ಅಂಗಾತ ಮಲಗುತ್ತಾರೆ. ಕತ್ತಿನಡಿಯ ಪುಟ್ಟ ಗಾಳಿಚೀಲದಲ್ಲಿ ಒತ್ತಡ 20 ಮಿಲಿಮೀಟರ್ ಪಾದರಸ. ಹೌದೆನ್ನುವಂತೆ ಗದ್ದವನ್ನು ತುಸುವೇ ಬಾಗಿಸಿ ಒತ್ತಡವನ್ನು 22ಕ್ಕೆ ತಂದು ಹತ್ತು ಸೆಕೆಂಡ್ ಹಿಡಿಯಬೇಕು, ಮತ್ತೆ 24, ಹೀಗೆ 30ರವರೆಗೆ. ಕುತ್ತಿಗೆಯ ಇಕ್ಕೆಲದ ಮೇಲ್ಪದರದ ಸ್ನಾಯು ಸೆಟೆದು ಎದ್ದು ಕಂಡರೆ ಆಳದ ಸ್ನಾಯುವಿನ ಕೆಲಸವನ್ನು ಅದು ಕಸಿದುಕೊಂಡಿದೆ ಎಂದರ್ಥ. ಫಾಲಾ ಮತ್ತು ಜುಲ್ ಅವರ ತಂಡ 2004ರಲ್ಲಿ ಮೂಗಿನ ಮೂಲಕ ಗಂಟಲಿನ ಹಿಂಗೋಡೆಗೆ ಎಲೆಕ್ಟ್ರೋಡ್ ಇಳಿಸಿ ಆಳದ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನೇ ಅಳೆಯಿತು. ನೋವಿದ್ದವರಲ್ಲಿ ಅದು ಕಡಿಮೆಯಿತ್ತು. ಅಂಥ ಪರೀಕ್ಷೆಗೆ ಒಪ್ಪಿಕೊಂಡವರ ತಾಳ್ಮೆ ದೊಡ್ಡದು! ಅಧ್ಯಯನ ಮಾತ್ರ ತೀರ ಚಿಕ್ಕದು. ಪಂಥಗಳ ಈ ಪೈಪೋಟಿಯಲ್ಲಿ ಗೆದ್ದವರಿಲ್ಲ. ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಬಂದ ಸಮಗ್ರ ವಿಶ್ಲೇಷಣೆಯೊಂದು 40 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು: ಆಳದ ಸ್ನಾಯುಗಳ ತರಬೇತಿ, ಬಲವರ್ಧನೆ, ಯೋಗ-ತಾಯ್ ಚಿ ವರ್ಗ ಮೂರೂ ನೋವು ತಗ್ಗಿಸುತ್ತವೆ, ಒಂದು ಇನ್ನೊಂದಕ್ಕಿಂತ ಮೇಲೆಂದು ಹೇಳಲು ಪುರಾವೆ ಸಾಲದು.

ವ್ಯಾಯಾಮ ಸೋತ ಜಾಗವೂ ಇದೆ. ವಾಹನ ಅಪಘಾತದಲ್ಲಿ ಕುತ್ತಿಗೆ ಉಳುಕಿ ನೋವು ದೀರ್ಘಕಾಲ ಉಳಿದ 172 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಪ್ರಯೋಗದಲ್ಲಿ (ಲ್ಯಾನ್ಸೆಟ್, 2014) 20 ತರಗತಿಗಳ ವಿಸ್ತಾರವಾದ ಕಾರ್ಯಕ್ರಮ, ಅರ್ಧ ಗಂಟೆಯ ಒಂದು ಸಲಹೆಗಿಂತ ಹೆಚ್ಚೇನೂ ಮಾಡಲಿಲ್ಲ. ಕಚೇರಿ ನೌಕರರ ನೋವಿನ ಪಾಠವನ್ನು ಎಲ್ಲ ಕುತ್ತಿಗೆಗಳಿಗೂ ಹಂಚಬಾರದು. ಕೈಕಾಲು ಜೋಮು ಹಿಡಿದು ನಡಿಗೆ ತೊಡರುವವರು, ಜ್ವರ ಬಂದು ತೂಕ ಇಳಿಯುತ್ತಿರುವವರು ವ್ಯಾಯಾಮಕ್ಕಿಂತ ಮೊದಲು ವೈದ್ಯರನ್ನು ಕಾಣಬೇಕು.

ನಮ್ಮಲ್ಲಿ ಎಂಆರ್‌ಐ ವರದಿಯಲ್ಲಿ ಡಿಸ್ಕ್ ಉಬ್ಬಿದೆ ಎಂದು ಓದಿದವರು ಕಾಲರ್ ಹಾಕಿಕೊಂಡು ಕತ್ತು ಅಲುಗಿಸಲೂ ಹೆದರುತ್ತಾರೆ. ಜಪಾನಿನಲ್ಲಿ ಯಾವ ಲಕ್ಷಣವೂ ಇಲ್ಲದ 1211 ಮಂದಿಯ ಕುತ್ತಿಗೆಯನ್ನು ಸ್ಕ್ಯಾನ್ ಮಾಡಿದಾಗ ಶೇ. 87.6 ಮಂದಿಯಲ್ಲಿ ಉಬ್ಬಿದ ಡಿಸ್ಕ್ ಕಂಡಿತ್ತು. ಆ ಹೆದರಿಕೆಯವರ ಕೈಗೆ ಬರೀ ‘ಎಕ್ಸರ್‌ಸೈಜ್ ಮಾಡಿ’ ಎಂದು ಬರೆದ ಚೀಟಿ ಕೊಟ್ಟರೆ ಅದು ಸಲಹೆಯ ಗುಂಪಿನ ಚಿಕಿತ್ಸೆ, ಶೇ. 21ರದು. ಮಾತ್ರೆಗೆ ಬರೆಯುವಂತೆ ವ್ಯಾಯಾಮಕ್ಕೂ ಯಾವುದು, ಎಷ್ಟು ಸಲ, ವಾರಕ್ಕೆ ಎಷ್ಟು ದಿನ, ಭಾರ ಏರಿಸುವುದು ಯಾವಾಗ ಎಂದು ಬರೆಯಬೇಕು. ಮೊದಲ ಕೆಲವು ದಿನ ಸ್ನಾಯು ಬಿಗಿದು ನೋಯುವುದು ಸಹಜ ಎಂದೂ ಹೇಳಬೇಕು. ಯೂಲಿನೆನ್ ಅವರ ಮಹಿಳೆಯರನ್ನು ಮೂರು ವರ್ಷದ ಬಳಿಕ ಮತ್ತೆ ಪರೀಕ್ಷಿಸಿದಾಗ ಆರಾಮ ಬಹುಮಟ್ಟಿಗೆ ಉಳಿದಿತ್ತು. ಅವರೆಲ್ಲ ಕುರ್ಚಿಯಲ್ಲಿ ಕೂತು ದುಡಿಯುವವರು. ಕಟ್ಟಡದ ಕೆಲಸದಲ್ಲಿ ದಿನವಿಡೀ ತಲೆಯ ಮೇಲೆ ಜಲ್ಲಿ ಬುಟ್ಟಿ ಹೊರುವ ಹೆಂಗಸಿನ ಕುತ್ತಿಗೆಗೆ ಈಗಾಗಲೇ ಬೇಕಾದಷ್ಟು ಭಾರವಿದೆ. ಅವಳಿಗೆ ಎಲಾಸ್ಟಿಕ್ ಪಟ್ಟಿ ಕೊಡುವ ಮೊದಲು ಅವಳಂಥವರನ್ನೇ ಸೇರಿಸಿದ ಪ್ರಯೋಗ ಇಲ್ಲೇ ಆಗಬೇಕು.